ಭಾನುವಾರದ ಕೂಟ ಸಂಜೆಗೆ

ಎಲ್ಲರಿಗೂ ನಮಸ್ಕಾರ. ಯಕ್ಷಗಾನ ಕುಣಿತದ ಅಧ್ಯಯನ ಕೂಟ ಈ ಭಾನುವಾರ ಬೆಳಗ್ಗೆ 10ಕ್ಕಲ್ಲ, ಸಂಜೆ 4ಕ್ಕೆ. ಜಾಗ ಅದೇ. ಶನಿವಾರ ರಾತ್ರಿಯಿಡೀ ಆಟ ನೋಡುವವರು ಜಾಸ್ತಿ ಇದ್ದೀರಿ, ನಿದ್ದೆ ಬೇಕಲ್ವಾ?

ಈ ಸಲ ಬಡಗು ಶೈಲಿಯ ಮಂಡಿ (ಮಂಡಿಯೂರಿ ಸುತ್ತುವುದು), ತೆಂಕು ಶೈಲಿಯ ಧಿಗಿಣ (ಹಾರಿ ಸುತ್ತುವುದು) ಎರಡನ್ನೂ ಕುಣಿತದ ಚಲನೆಗಳನ್ನು ಗುರುತುಗಳಲ್ಲಿ ಬರೆದಿಡುವ ಲಾಬಾನ್ ಲಿಪಿಯಲ್ಲಿ ಬರೆದು ನೋಡೋಣ. ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೈಯ ಎಡ, ಬಲ ನಡುಗೆರೆಯ ಆಚೀಚೆ ಬರುತ್ತವೆ. ಮೈ ಎತ್ತ ತಿರುಗಿತು, ಭಾರ ಯಾವ ಕಾಲ ಮೇಲಿತ್ತು ಎಂಬುದು ಚೆನ್ನಾಗಿ ಸಿಗುತ್ತದೆ. ಚೆಂಡೆ ಏರಿದಾಗ ವೇಷಕ್ಕೆ ಬರುವ ಆವೇಶ ಮಾತ್ರ ಸಿಗೋದಿಲ್ಲ ಅನ್ನೋದು ನನ್ನ ತಕರಾರು. ಜಗಳಕ್ಕೆ ಸಿದ್ಧರಾಗಿ ಬನ್ನಿ.

ಒಂದು ನಿಮಿಷದ ವಿಡಿಯೊ ತನ್ನಿ. ಕಲಾವಿದರ ಒಪ್ಪಿಗೆ ಕೇಳದೆ ತೆಗೆದದ್ದು ಬೇಡ. ಪೆನ್ಸಿಲ್, ಚೌಕುಳಿ ಹಾಳೆ ಇರಲಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ, ಕಾಫಿ ಲೆಕ್ಕಕ್ಕೆ.