ತೂಕದ ಮಿಷಿನ್ ಒಂದನ್ನೇ ನಂಬ್ಕೊಂಡು ಡಯಟ್ ಬಿಡಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ತುಮಕೂರಲ್ಲಿ ಲೇಡೀಸ್ ಟೈಲರ್. ತೂಕ ಇಳಿಸೋ ವಿಷಯಕ್ಕೂ ಟೈಲರ್‌ಗೂ ಏನ್ ಸಂಬಂಧ ಅಂತ ನಗಬೇಡಿ ಸರ್, ಯಾರು ದಪ್ಪ ಆದ್ರು ಯಾರು ಸಣ್ಣ ಆದ್ರು ಅಂತ ಡಾಕ್ಟ್ರಿಗಿಂತ ಮೊದಲು ನಮಗೆ ಗೊತ್ತಾಗೋದು, ಅಳತೆ ಪುಸ್ತಕದಲ್ಲಿ ತಾರೀಕು ಸಮೇತ ಬರೆದಿಟ್ಟಿರ್ತೀವಿ. ಪೇಪರ್‌ನಲ್ಲಿ ಈಗ ಎಲ್ಲಿ ನೋಡಿದ್ರೂ "ಒಂದೇ ತಿಂಗಳಲ್ಲಿ ಎಂಟು ಕೆಜಿ ಇಳಿಸಿ" ಅನ್ನೋ ಜಾಹೀರಾತು, ಪಕ್ಕದಲ್ಲಿ ಮೊದಲು ಹೀಗಿದ್ರು ಆಮೇಲೆ ಹೀಗಾದ್ರು ಅಂತ ಎರಡು ಫೋಟೋ. ಅದನ್ನ ನೋಡಿ ಶುರು ಮಾಡಿದೋರು ಆಮೇಲೆ ಏನಾಗ್ತಾರೆ ಅನ್ನೋದು ನಮ್ಮ ಅಂಗಡೀಲಿ ಕಾಣುತ್ತೆ, ಅದಕ್ಕೇ ಈ ಪತ್ರ.

ಆಷಾಢದಲ್ಲಿ ಮದುವೆ ಇರಲ್ಲ, ಶ್ರಾವಣಕ್ಕೆ ಮುಹೂರ್ತ ಇಟ್ಕೊಂಡಿರೋ ಹುಡುಗೀರು ಆವಾಗ್ಲೇ ಅಳತೆ ಕೊಡೋಕೆ ಬರೋದು. "ಅಕ್ಕಾ, ಸ್ವಲ್ಪ ಟೈಟಾಗೇ ಹೊಲೀರಿ, ಅಷ್ಟೊತ್ತಿಗೆ ಐದು ಕೆಜಿ ಇಳಿಸ್ತೀನಿ" ಅಂತಾರೆ, ನಾನು ಹೂಂ ಅಂತೀನಿ, ಆದ್ರೆ ಸೈಡಲ್ಲಿ ಮಾರ್ಜಿನ್ ಬಿಟ್ಟು ಮೂರು ಹೊಲಿಗೆ ಹಾಕೇ ಕೊಡ್ತೀನಿ, ಬೇಕಾದ್ರೆ ಬಿಚ್ಚೋಕೆ ಆಗ್ಲಿ ಅಂತ. ಮೊದಲನೇ ವಾರ ಎರಡು ಕೆಜಿ ಇಳೀತು ಅಂತ ಫೋನ್ ಮಾಡಿ ಹೇಳ್ತಾರೆ. ಎರಡನೇ ವಾರ ಅಷ್ಟಕ್ಕಷ್ಟೆ. ಮೂರನೇ ವಾರ ಮುಳ್ಳು ಅಲ್ಲಾಡಲ್ಲ, ನಾಲ್ಕನೇ ವಾರ ಅರ್ಧ ಕೆಜಿ ಜಾಸ್ತೀನೇ ತೋರಿಸುತ್ತೆ, ಅವತ್ತು ಸಾಯಂಕಾಲವೇ ಬೇಕರಿಗೆ ಹೋಗಿ ಖಾರಾ ಬನ್ನು, ಹನಿ ಕೇಕು. ಟ್ರಯಲ್‌ಗೆ ಬಂದಾಗ ಮುಖ ಸಪ್ಪೆ, "ನಂಗಲ್ಲ ಬಿಡಕ್ಕ ಇದು, ನನ್ ಬಾಡೀನೇ ಹಂಗೆ". ಟೇಪ್ ಹಿಡಿದ್ರೆ ಎಷ್ಟೋ ಸಲ ಸೊಂಟ ಮುಕ್ಕಾಲು ಇಂಚು, ಒಂದಿಂಚು ಕಮ್ಮಿ ಆಗಿರುತ್ತೆ! ಹೇಳಿದ್ರೆ ನಂಬಲ್ಲ, ನೀವು ಟೇಪ್ ಎಳೆದು ಹಿಡಿದಿದೀರ ಅಂತಾರೆ.

ಇದು ಯಾಕೆ ಹಿಂಗೆ ಅಂತ ನರ್ಸಿಂಗ್ ಓದ್ತಿರೋ ನನ್ನ ಮಗಳನ್ನ ಕೇಳ್ದೆ, ಅವಳು ಪೇಪರ್ ಪೆನ್ನು ತಗೊಂಡು ಕೂತು ವಿವರಿಸಿದ್ಮೇಲೆ ನಂಗೂ ಅರ್ಥ ಆಯ್ತು. ನಾವು ತಿಂದ ಅನ್ನ, ಮುದ್ದೇಲಿರೋ ಪಿಷ್ಟ ಸ್ವಲ್ಪ ಗ್ಲೈಕೋಜನ್ ಆಗಿ ಲಿವರ್‌ನಲ್ಲಿ, ಮಾಂಸಖಂಡದಲ್ಲಿ ಕೂತಿರುತ್ತಂತೆ, ಎಲ್ಲಾ ಸೇರಿ ಹೆಚ್ಚುಕಮ್ಮಿ ಅರ್ಧ ಕೆಜಿ, ಆದ್ರೆ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡ್ಕೊಂಡಿರುತ್ತೆ. ಡಯಟ್ ಅಂತ ತಟ್ಟೆ ಅರ್ಧ ಮಾಡಿದ ತಕ್ಷಣ ಮೊದಲು ಖಾಲಿ ಆಗೋದು ಅದೇ, ಅದರ ಜೊತೆ ನೀರೂ ಹೋಗುತ್ತೆ. ಮೊದಲನೇ ವಾರದ ಎರಡು ಕೆಜಿ ಅಂದ್ರೆ ಜಾಸ್ತಿ ಪಾಲು ಅದೇ ನೀರು, ಕೊಬ್ಬು ಅಲ್ಲ. ಆಮೇಲೆ ನಿಂತು ಹೋದ ಹಾಗೆ ಕಾಣೋದು ನಿಜವಾದ ಸ್ಪೀಡು, ಮೊದಲನೇ ವಾರದ್ದೇ ಸುಳ್ಳು ಸ್ಪೀಡು. ಇದನ್ನ ಶುರೂನಲ್ಲೇ ಯಾರಾದ್ರೂ ಹೇಳಿದ್ರೆ ಅರ್ಧ ಜನ ಬಿಡ್ತಾನೇ ಇರಲಿಲ್ಲ ಅನ್ಸುತ್ತೆ.

ಇನ್ನು ಲೆಕ್ಕ ನೋಡಿ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ಒಬ್ರು ದಿನಕ್ಕೆ ಎರಡು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕ್ಕೊಂಡು ಕುಡೀತಿದ್ದವರು ಸಕ್ಕರೆ ಪೂರ್ತಿ ಬಿಟ್ರು ಅನ್ಕೊಳ್ಳಿ, ನಾಲ್ಕು ಚಮಚ ಅಂದ್ರೆ ಹತ್ರತ್ರ 70 ಕ್ಯಾಲೊರಿ, ತಿಂಗಳಿಗೆ 2,100, ಅಂದ್ರೆ ಕಾಲು ಕೆಜಿ ಚಿಲ್ಲರೆ. ಸಕ್ಕರೆ ಇಲ್ದೆ ಕಾಫಿ ಕುಡಿಯೋದು ಏನು ಕಮ್ಮಿ ತಪಸ್ಸಲ್ಲ, ಅಷ್ಟು ಮಾಡಿದ್ರೂ ತಿಂಗಳ ಕೊನೇಲಿ ಕಾಲು ಕೆಜಿ! ಅದೇ ತೂಕದ ಮಿಷಿನ್ನು ಬೆಳಿಗ್ಗೆಗೂ ರಾತ್ರಿಗೂ ಒಂದು ಕೆಜಿ ವ್ಯತ್ಯಾಸ ತೋರಿಸುತ್ತೆ, ಹಿಂದಿನ ದಿನ ಮದುವೆ ಊಟದಲ್ಲಿ ಉಪ್ಪಿನಕಾಯಿ ಹಪ್ಪಳ ಜಾಸ್ತಿ ತಿಂದ್ರೂ ಏರುತ್ತೆ, ಮೋಶನ್ ಸರಿಯಾಗಿ ಆಗದಿದ್ರೂ ಏರುತ್ತೆ, ಹೆಂಗಸರಿಗೆ ತಿಂಗಳ ಟೈಮ್ ಹತ್ರ ಬಂದಾಗ ಮೈಯಲ್ಲಿ ನೀರು ನಿಂತೂ ಏರುತ್ತೆ, ಹೊಸದಾಗಿ ಎಕ್ಸರ್‌ಸೈಸ್ ಶುರು ಮಾಡಿದ್ರೆ ನೋಯ್ತಿರೋ ಮಾಂಸಖಂಡ ನೀರು ಹಿಡ್ಕೊಂಡೂ ಏರುತ್ತೆ. ಒಂದು ಕೆಜಿ ಗಲಾಟೆ ಮಧ್ಯೆ ಕಾಲು ಕೆಜಿ ಎಲ್ಲಿ ಕಾಣ್ಬೇಕು. ಹೋಗಿರುತ್ತೆ, ಕಾಣಲ್ಲ ಅಷ್ಟೆ.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೇಲಿದ್ದ ಕೆವಿನ್ ಹಾಲ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಯವರು 2011ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಇದರದ್ದೇ ಲೆಕ್ಕ ಹಾಕಿದಾರೆ ಅಂತ ಮಗಳು ತೋರಿಸಿದ್ಲು. ದಿನಾ ತಿನ್ನೋದರಲ್ಲಿ 24 ಕ್ಯಾಲೊರಿ ಖಾಯಂ ಆಗಿ ಕಮ್ಮಿ ಮಾಡಿದ್ರೆ ಕೊನೆಗೆ ಒಂದು ಕೆಜಿ ಇಳಿಯುತ್ತಂತೆ, ಆದ್ರೆ ಅದರಲ್ಲಿ ಅರ್ಧ ಇಳಿಯೋಕೇ ಒಂದು ವರ್ಷ ಬೇಕು, ಹೆಚ್ಚುಕಮ್ಮಿ ಪೂರ್ತಿ ಇಳಿಯೋಕೆ ಮೂರು ವರ್ಷ. ಮೈ ಇಳಿದ ಹಾಗೆ ಅದಕ್ಕೆ ಬೇಕಾದ ಊಟಾನೂ ಕಮ್ಮಿ ಆಗುತ್ತಲ್ಲ, ಅದಕ್ಕೆ ಬರ್ತಾ ಬರ್ತಾ ನಿಧಾನ. ಮೇಲಿನ ಕಾಫಿ ಸಕ್ಕರೆ ಲೆಕ್ಕಕ್ಕೆ ಹಾಕಿದ್ರೆ ಹತ್ರತ್ರ ಮೂರು ಕೆಜಿ, ಮೊದಲನೇ ವರ್ಷದಲ್ಲಿ ಒಂದೂವರೆ. ಮೂರು ವರ್ಷದ ಕೆಲಸಕ್ಕೆ ಮೂರನೇ ವಾರಕ್ಕೇ ರಿಸಲ್ಟ್ ಕೇಳಿದ್ರೆ ಹೆಂಗೆ ಹೇಳಿ.

ಇನ್ನೊಂದು ವಿಷಯ ಮಾತ್ರ ಎಲ್ರಿಗೂ ಗೊತ್ತಾಗ್ಬೇಕು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಶುಗರ್ ಬಾರ್ಡರ್‌ನಲ್ಲಿರೋ 531 ಜನರನ್ನ ಸುಮಾರು ಎರಡೂವರೆ ವರ್ಷ ನೋಡಿ 2006ರಲ್ಲಿ ಫಲಿತಾಂಶ ಪ್ರಕಟ ಮಾಡಿದ್ರು. ಊಟ ಸರಿ ಮಾಡ್ಕೊಂಡು ನಡೆದೋರಿಗೆ ಸಕ್ಕರೆ ಕಾಯಿಲೆ ಬರೋ ಸಾಧ್ಯತೆ 28.5 ಪರ್ಸೆಂಟ್ ಕಮ್ಮಿ ಆಯ್ತು, ಅವರ ತೂಕ ಮಾತ್ರ ಹೇಳಿಕೊಳ್ಳೋ ಹಾಗೆ ಇಳೀಲೇ ಇಲ್ಲ! ನಮ್ಮ ಪಕ್ಕದ ರಾಜ್ಯದಲ್ಲೇ, ನಮ್ಮ ಥರಾನೇ ಅನ್ನ ಸಾರು ತಿನ್ನೋ ಜನದ ಮೇಲೇ ನಡೆದಿದ್ದು ಇದು. ಅವರೆಲ್ಲ ಮುಳ್ಳು ಅಲ್ಲಾಡ್ಲಿಲ್ಲ ಅಂತ ಮೂರನೇ ವಾರಕ್ಕೇ ಬಿಟ್ಟಿದ್ರೆ?

ಹಂಗಂತ ಅಳೀಲೇಬೇಡಿ ಅಂತಲ್ಲ, ಏನೂ ಕಾಣದೆ ಮನುಷ್ಯನಿಗೆ ಹುರುಪು ಉಳಿಯಲ್ಲ. ಅಳೆಯೋದನ್ನ ಬದಲಾಯಿಸಿ. ಸೊಂಟ ಅಳೀರಿ. ನಮ್ಮ ಜನಕ್ಕೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಅಂತ ಗಡಿ ಇಟ್ಟಿದಾರೆ, ನಮ್ಮ ಟೇಪಲ್ಲಿ ಹೇಳ್ಬೇಕಂದ್ರೆ ಮೂವತ್ತೊಂದೂವರೆ ಇಂಚು, ಮೂವತ್ತೈದೂವರೆ ಇಂಚು. ಲಂಗದ ಲಾಡಿ ಕಟ್ಟೋ ಜಾಗ ಅಲ್ಲ, ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬೆಳಿಗ್ಗೆ ಖಾಲಿ ಹೊಟ್ಟೇಲಿ, ಉಸಿರು ಬಿಟ್ಟು. ಟೇಪ್ ಕಂಡ ತಕ್ಷಣ ಹೊಟ್ಟೆ ಒಳಗೆ ಎಳ್ಕೊಳ್ಳೋದು ನಮ್ಮ ಜನರ ಹುಟ್ಟುಗುಣ, ಗಂಡಸರಂತೂ ಇನ್ನೂ ಜಾಸ್ತಿ ಅಂತ ಪಕ್ಕದ ಜೆಂಟ್ಸ್ ಟೈಲರ್ ಹೇಳ್ತಾರೆ. ಹದಿನೈದು ದಿನಕ್ಕೆ ಒಂದು ಸಲ ಬರೆದಿಟ್ರೆ ಸಾಕು, ದಿನಾ ಬೇಡ. ತೂಕ ನೋಡ್ಲೇಬೇಕು ಅನ್ನೋರು ವಾರದ ಸರಾಸರಿ ನೋಡಲಿ.

ಮಧ್ಯದಲ್ಲಿ ಬಿಡದೆ ಮುಂದುವರೆಸಿದ ಗಿರಾಕಿಗಳಲ್ಲಿ ನಾನು ಕಂಡಿದ್ದು ಏನಂದ್ರೆ ಅವರ್ಯಾರೂ ಕಿನೋವಾ, ಓಟ್ಸ್ ಅಂತ ಮನೆ ಅಡುಗೆ ತಲೆಕೆಳಗೆ ಮಾಡ್ಲಿಲ್ಲ, ಅದೇ ಮುದ್ದೆ, ಗಾತ್ರ ಚಿಕ್ಕದು, ಪಕ್ಕದಲ್ಲಿ ಬಸ್ಸಾರಿನ ಪಲ್ಯ ದೊಡ್ಡದು. ಬೆಳಿಗ್ಗೆ ಒಬ್ರು ಜೊತೆಗಾರ್ತಿ ಇಟ್ಕೊಂಡು ನಡೀತಾರೆ, ಅವಳು ಗೇಟ್ ಹತ್ರ ಕಾಯ್ತಿರ್ತಾಳೆ ಅನ್ನೋ ದಾಕ್ಷಿಣ್ಯಕ್ಕಾದ್ರೂ ಎದ್ದು ಹೋಗ್ತಾರೆ. ಇನ್ನೊಂದು, ಊರಿಗೆಲ್ಲ ಹೇಳ್ಕೊಂಡು ಶುರು ಮಾಡಲ್ಲ. ಹೇಳಿದ್ರೆ ನಾಮಕರಣಕ್ಕೆ ಹೋದಾಗ ಯಾರಾದ್ರೂ ದೊಡ್ಡಮ್ಮ "ಡಯಟ್ಟಂತೆ ಡಯಟ್ಟು, ಹಂಗೇ ಇದೀಯಲ್ಲೇ" ಅಂದೇ ಅಂತಾರೆ, ಹೆಣ್ಮಕ್ಕಳು ಬಿಡೋಕೆ ಆ ಒಂದು ಮಾತು ಸಾಕು. ಇದನ್ನ ಓದ್ತಿರೋ ದೊಡ್ಡಮ್ಮಂದಿರು ದಯವಿಟ್ಟು ಆ ಮಾತು ಆಡಬೇಡಿ. ಮೂರು ತಿಂಗಳು ಸರಿಯಾಗಿ ಮಾಡಿದ್ರೂ ಟೇಪೂ ಅಲ್ಲಾಡ್ಲಿಲ್ಲ, ಮುಳ್ಳೂ ಅಲ್ಲಾಡ್ಲಿಲ್ಲ ಅಂದ್ರೆ ಥೈರಾಯ್ಡು, ಪಿಸಿಓಡಿ ಇದೆಯಾ ಅಂತ ಡಾಕ್ಟ್ರಿಗೆ ತೋರಿಸಿ, ಪೌಡರ್ ಡಬ್ಬಿ ತಗೋಬೇಡಿ. ತೂಕ ಇಳಿಸೋ ಇಂಜೆಕ್ಷನ್ ವಿಷಯಾನೂ ಈಗ ಜನ ಕೇಳ್ತಾರೆ, ಅದೂ ಡಾಕ್ಟ್ರು ಹೇಳಬೇಕಾದ ಮಾತು, ನಂದಲ್ಲ.

ಸರ್, ಜಾಹೀರಾತು ಹಾಕಬೇಡಿ ಅನ್ನೋಕೆ ನಾನ್ಯಾರು, ಪೇಪರ್ ನಡೀಬೇಕಲ್ಲ. ಆದ್ರೆ ಆರೋಗ್ಯ ಪುಟದಲ್ಲಿ ಯಾವಾಗ್ಲೂ ಇಪ್ಪತ್ತು ಕೆಜಿ ಇಳಿಸಿದೋರ ಕಥೆ ಬದಲು ವರ್ಷಕ್ಕೆ ಮೂರು ಕೆಜಿ ಇಳಿಸಿ ಉಳಿಸ್ಕೊಂಡೋರ ಕಥೆಯನ್ನೂ ಹಾಕಿ, ಸೊಂಟ ಎಲ್ಲಿ ಅಳೀಬೇಕು ಅಂತ ಒಂದು ಚಿತ್ರಾನೂ ಹಾಕಿ. ಆರೋಗ್ಯ ಇಲಾಖೆಯೋರಿಗೂ ಒಂದು ಮಾತು, ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದೋರಿಗೆ ತುಂಬೋ ಫಾರಂನಲ್ಲಿ ಸೊಂಟದ ಅಳತೆಗೆ ಒಂದು ಸಾಲು ಈಗ್ಲೇ ಇದೆ, ಕಾಯಿಲೆ ಅಪಾಯದ ಲೆಕ್ಕದಲ್ಲಿ ಸೊಂಟ 80 ಸೆಂಟಿಮೀಟರ್ ದಾಟಿದ ಹೆಂಗಸರಿಗೆ ಒಂದು ಅಂಕ, 90 ದಾಟಿದ್ರೆ ಎರಡು. ಆ ನಂಬರ್ ಫಾರಂನಲ್ಲೇ ಉಳೀದೆ ಒಂದು ಚೀಟೀಲಿ ಬರೆದು ಅವರ ಕೈಗೂ ಕೊಡೋ ಹಾಗೆ ಮಾಡಿ, ಮುಂದಿನ ಸಲ ಬಂದಾಗ ಅದರ ಕೆಳಗೇ ಬರೀಲಿ, ಖರ್ಚೇನೂ ಇಲ್ಲ. ಮನೇಲಿ ಟೇಪ್ ಇಲ್ಲದ ಹೆಂಗಸರು ಹತ್ತಿರದ ಯಾವ ಲೇಡೀಸ್ ಟೈಲರ್ ಹತ್ರ ಹೋದ್ರೂ ಅಳತೆ ಹಿಡಿದು ಹೇಳ್ತಾರೆ, ಬ್ಲೌಸ್ ಹೊಲಿಸ್ಲೇಬೇಕು ಅಂತೇನಿಲ್ಲ, ಆದ್ರೆ ಹಬ್ಬದ ಹಿಂದಿನ ದಿನ ಮಾತ್ರ ಬರಬೇಡಿ.

ಇಂತಿ,
ಒಬ್ಬ ಓದುಗಳು, ತುಮಕೂರು