ಟ್ವಿಸ್ಟ್ ಇದೆ ಅಂತ ಹೇಳೋದೂ ಸ್ಪಾಯ್ಲರ್ರೇ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಹಿರಿಯರೊಬ್ರು, ಈಗಿನವ್ರಿಗೆ ಬರೀ ರಕ್ತ, ಕೊಲೆ, ಸೈಕೋ ಸಿನಿಮಾನೇ ಬೇಕು, ಎಲ್ರಿಗೂ ತಲೆ ಕೆಟ್ಟಿದೆ ಅಂತ ಬೇಜಾರು ಮಾಡ್ಕೊಂಡು ಬರೆದಿದ್ರು. ಅವರ ಸಿಟ್ಟು ಅರ್ಥ ಆಗತ್ತೆ, ಆದ್ರೆ ಸೈಕಲಾಜಿಕಲ್ ಥ್ರಿಲ್ಲರ್ (ಮನಸ್ಸಿನ ಜತೆ ಆಟ ಆಡೋ ಸಸ್ಪೆನ್ಸ್ ಸಿನಿಮಾ) ಅಂದ್ರೆ ಹುಡುಕಿಕೊಂಡು ಹೋಗಿ ನೋಡೋ ನನ್ನಂಥವರು ರಕ್ತ ನೋಡೋಕೆ ಕೂರಲ್ಲ ಸ್ವಾಮಿ, ಏಮಾರೋಕೆ ಕೂರ್ತೀವಿ. ಅದೂ ಸುಮ್ನೆ ಏಮಾರಿಸಿದ್ರೆ ಆಗಲ್ಲ, ಎಲ್ಲಾನೂ ಕಣ್ಣೆದುರಿಗೇ ಇಟ್ಟು ಏಮಾರಿಸ್ಬೇಕು.

ನಮ್ದೇ ಕನ್ನಡದ ಲೂಸಿಯಾ ಸಿನಿಮಾ ತಗೊಳ್ಳಿ, 2013ರಲ್ಲಿ ಪವನ್ ಕುಮಾರ್ ಜನರ ಹತ್ರಾನೇ ದುಡ್ಡು ಸೇರಿಸಿ ಮಾಡಿದ್ದು. ಥಿಯೇಟರಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸೋ ನಿಕ್ಕಿ, ಅವನಿಗೆ ನಿದ್ದೆ ಇಲ್ಲ, ಮಾತ್ರೆ ತಗೊಂಡ್ರೆ ತಾನು ದೊಡ್ಡ ಸಿನಿಮಾ ಸ್ಟಾರ್ ಆದಂಗೆ ಕನಸು. ಟಾರ್ಚ್ ಹುಡುಗನ ಲೈಫ್ ಕಲರ್‌ನಲ್ಲಿ, ಸ್ಟಾರ್ ಲೈಫ್ ಬ್ಲಾಕ್ ಅಂಡ್ ವೈಟ್‌ನಲ್ಲಿ. ಕನಸು ಕಪ್ಪುಬಿಳುಪು ಅಂತ ನಾವು ಮೊದಲಿಂದ ಕೇಳಿರೋದ್ರಿಂದ ಯಾರೂ ಹೇಳದೇನೇ ಕಲರ್ ನಿಜ, ಇನ್ನೊಂದು ಕನಸು ಅಂತ ನಾವೇ ತೀರ್ಮಾನ ಮಾಡ್ಕೊಂಡು ಕೂತಿರ್ತೀವಿ, ಕೊನೆಗೆ ನೋಡಿದ್ರೆ ಪೂರ್ತಿ ಉಲ್ಟಾ. ಡೈರೆಕ್ಟರ್ ಒಂದು ಸುಳ್ಳೂ ಹೇಳಿಲ್ಲ, ಹೇಳ್ಕೊಂಡಿದ್ದು ನಾವು! ಅವತ್ತು ಥಿಯೇಟರಿಂದ ಹೊರಗೆ ಬರ್ತಾ ಜನ ಮೊದಲಿಂದ ಒಂದೊಂದೇ ಸೀನ್ ಜ್ಞಾಪಿಸ್ಕೊಂಡು ವಾದ ಮಾಡ್ತಿದ್ರಲ್ಲ, ಆ ವಾದಕ್ಕೇ ನಾನು ದುಡ್ಡು ಕೊಡೋದು.

1999ರ ಹಾಲಿವುಡ್ ಸಿನಿಮಾ ದಿ ಸಿಕ್ಸ್ತ್ ಸೆನ್ಸ್ ಕೂಡ ಹಂಗೇ (ಇಷ್ಟು ವರ್ಷ ಆದ್ರೂ ನೋಡದೇ ಇರೋರು ಈ ಪ್ಯಾರಾ ಹಾರಿಸಿ, ಆಮೇಲೆ ನನ್ನ ಬೈಬೇಡಿ). ಮದುವೆ ವಾರ್ಷಿಕೋತ್ಸವದ ದಿನ ಹೋಟೆಲಲ್ಲಿ ಹೆಂಡ್ತಿ ಒಬ್ಳೇ ಕೂತಿರ್ತಾಳೆ, ಗಂಡ ಲೇಟಾಗಿ ಬಂದು ಎದುರು ಕೂತು ಏನೇನೋ ಸಮಜಾಯಿಷಿ ಕೊಡ್ತಾನೆ, ಅವಳು ಮುಖ ಎತ್ತಿ ನೋಡಲ್ಲ, ಬಿಲ್ಲಿಗೆ ಅವನು ಕೈ ಚಾಚೋಷ್ಟರಲ್ಲಿ ಅವಳೇ ಎಳ್ಕೊಂಡು ಸೈನ್ ಹಾಕಿ ಎದ್ದು ಹೋಗ್ತಾಳೆ. ಮೊದಲ ಸಲ ನೋಡುವಾಗ ಪಾಪ ಜಗಳ ಆಗಿದೆ ಅನ್ಸತ್ತೆ. ಅವನು ಆಗ್ಲೇ ಸತ್ತಿದಾನೆ, ಎದುರು ಕೂತಿರೋದು ಅವಳಿಗೆ ಕಾಣದ ದೆವ್ವ ಅಂತ ಗೊತ್ತಾದ್ಮೇಲೆ ಅದೇ ಸೀನ್ ನೋಡಿದ್ರೆ, ಗಂಡ ಹೋದ್ಮೇಲೆ ಒಬ್ಳೇ ಆ ದಿನ ಆಚರಿಸ್ತಿರೋ ಹೆಂಗಸು. ಶಾಟ್ ಅದೇ, ಆಕ್ಟಿಂಗ್ ಅದೇ, ಅರ್ಥ ಮಾತ್ರ ಬೇರೆ.

ಈಗ ಬರ್ತಿರೋ ಎಷ್ಟೋ ಸಿನಿಮಾ ಹಿಂಗಿಲ್ಲ, ಅಲ್ಲೇ ನನ್ನ ತಕರಾರು. ಎರಡು ಗಂಟೆ ಯಾರ್ಯಾರ ಮೇಲೋ ಡೌಟ್ ಬರ್ಸಿ, ಕೊನೇ ಹತ್ತು ನಿಮಿಷಕ್ಕೆ ಅಲ್ಲಿವರೆಗೂ ಮುಖಾನೇ ತೋರಿಸ್ದೇ ಇರೋ ಒಬ್ಬನ್ನ ತಂದು ನಿಲ್ಲಿಸಿ, ಇಲ್ಲಾಂದ್ರೆ ಹೀರೋಗೇ ಸ್ಪ್ಲಿಟ್ ಪರ್ಸನಾಲಿಟಿ (ಒಬ್ಬನೊಳಗೇ ಇಬ್ಬರು) ಅಂದು, ಚಿಕ್ಕವಯಸ್ಸಿನ ಒಂದು ಫ್ಲ್ಯಾಶ್‌ಬ್ಯಾಕ್ ಹಾಕಿ, ಒಬ್ಬ ಡಾಕ್ಟರ್ ಕೈಲಿ ಲೆಕ್ಚರ್ ಕೊಡಿಸಿ ಮುಗಿಸಿಬಿಡ್ತಾರೆ. ಅದನ್ನೇ ಸ್ಕಿಜೋಫ್ರೇನಿಯಾ ಅಂತಾನೂ ಕರೀತಾರೆ, ಎರಡೂ ಬೇರೆ ಬೇರೆ ಕಾಯಿಲೆ ಅಂತ ಯಾರನ್ನಾದ್ರೂ ಒಂದು ಮಾತು ಕೇಳೋಕೇನು ಕಷ್ಟವೋ. ನಮ್ಮ ಮನೇಲಿ ನಾದಿನಿ ಇಂಟರ್ವಲ್‌ಗೂ ಮುಂಚೆನೇ "ಇವ್ನೇ, ಇವ್ನೇ ಹುಚ್ಚ" ಅಂದ್ಬಿಡ್ತಾಳೆ, ಹತ್ತಕ್ಕೆ ಎಂಟು ಸಲ ಕರೆಕ್ಟ್! ಕನ್ನಡದಲ್ಲಿ 1971ರಲ್ಲೇ ಶರಪಂಜರದಲ್ಲಿ ಪುಟ್ಟಣ್ಣ ಕಣಗಾಲ್, ವಾಸಿಯಾಗಿ ಮನೆಗೆ ಬಂದ ಹೆಂಗಸನ್ನ ಸುತ್ತಲಿನವರ ನೋಟಾನೇ ಮತ್ತೆ ಹೇಗೆ ಹುಚ್ಚಿಗೆ ತಳ್ಳತ್ತೆ ಅಂತ ತೋರಿಸಿದ್ರು, ಅದರಲ್ಲಿ ಟ್ವಿಸ್ಟೂ ಇಲ್ಲ, ಕೊಲೆಗಾರನ ಹುಡುಕಾಟಾನೂ ಇಲ್ಲ, ಆದ್ರೂ ಇವತ್ತು ನೋಡಿದ್ರೆ ಎದೆ ಝಲ್ ಅನ್ನತ್ತೆ. ಮನಸ್ಸಿನ ಕಾಯಿಲೇನ ಕ್ಲೈಮ್ಯಾಕ್ಸ್ ತೇಪೆಗೆ ಇಟ್ಕೊಂಡಿರೋರು ಅದನ್ನ ಒಂದ್ಸಲ ನೋಡ್ಲಿ.

ಇನ್ನು ನಿಮ್ಮ ವಿಮರ್ಶಕರ ವಿಷ್ಯ. "ಕೊನೆಯಲ್ಲಿ ಊಹಿಸಲಾಗದ ತಿರುವು" ಅಂತ ಹೆಡ್ಡಿಂಗಲ್ಲೇ ಹಾಕ್ತೀರಲ್ಲ, ತಿರುವು ಏನು ಅಂತ ಹೇಳಿಲ್ವಲ್ಲ ಅಂದ್ಕೊಂಡಿರ್ತೀರಿ, ಆದ್ರೆ ಅದನ್ನ ಓದಿ ಹೋದವನು ಮೊದಲ ಸೀನಿಂದಾನೇ ಪೊಲೀಸ್ ಆಗ್ಬಿಡ್ತಾನೆ, ಕತೆಯೊಳಗೆ ಇಳಿಯೋದೇ ಇಲ್ಲ. ಅದೂ ಸ್ಪಾಯ್ಲರ್ರೇ, ಅಂದ್ರೆ ನೋಡೋಕೆ ಮುಂಚೆನೇ ಗುಟ್ಟು ಬಿಟ್ಟುಕೊಟ್ಟು ಮಜಾ ಕೆಡಿಸೋದೇ. 1960ರಲ್ಲಿ ಸೈಕೋ ಅನ್ನೋ ಸಿನಿಮಾ ರಿಲೀಸ್ ಆದಾಗ ಅದರ ಡೈರೆಕ್ಟರ್ ಹಿಚ್‌ಕಾಕ್, ಶೋ ಶುರುವಾದ್ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರಿನವರಿಗೆ ಕಟ್ಟುನಿಟ್ಟು ಮಾಡಿದ್ರು, ಯಾಕಂದ್ರೆ ಸ್ಟಾರ್ ಹೀರೋಯಿನ್ ಅರ್ಧ ಸಿನಿಮಾಗೂ ಮುಂಚೆ ಸಾಯ್ತಾಳೆ, ಲೇಟಾಗಿ ಬಂದವನು ಕೊನೇವರೆಗೂ ಅವಳನ್ನೇ ಕಾಯ್ತಾ ಕೂರ್ತಿದ್ದ.

ಕೊನೆ ಗೊತ್ತಾದ್ರೆ ಮಜಾ ಹೋಗಲ್ಲ ಅನ್ನೋರೂ ಇದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಯಾನ್ ಡಿಯಾಗೋದವರು ಜನರಿಗೆ 12 ಸಣ್ಣ ಕತೆ ಓದಿಸಿ ನೋಡಿದ್ರೆ, ಒಟ್ಟಾರೆ ಕೊನೆ ಮೊದಲೇ ತಿಳಿದವರಿಗೇ ಕತೆ ಜಾಸ್ತಿ ಹಿಡಿಸಿತ್ತಂತೆ. ಇರಬಹುದು, ಒಳ್ಳೇ ಸಿನಿಮಾನ ಎರಡನೇ ಸಲ ನೋಡುವಾಗ ಸಿಗೋದು ಅದೇ ಸುಖ. ಆದ್ರೆ ಮೊದಲನೇ ಸಲ ಅನ್ನೋದು ಒಂದೇ ಸಲ ಸಿಗೋದು ಸಾರ್, ಅದನ್ನ ಪೇಪರಿನವರು ಕಿತ್ಕೋಬಾರ್ದು.

ಹಾಗಾಗಿ ಥ್ರಿಲ್ಲರ್ ವಿಮರ್ಶೆಯಲ್ಲಿ ತಿರುವಿನ ಸುದ್ದಿ ಬಿಟ್ಟು, ಈ ಸಿನಿಮಾ ಎರಡನೇ ಸಲ ನೋಡಿದ್ರೂ ನಿಲ್ಲತ್ತಾ ಇಲ್ವಾ ಅಂತ ಒಂದು ಸಾಲು ಬರೆಸಿ, ಸ್ಟಾರ್ ರೇಟಿಂಗ್ ಇಲ್ದಿದ್ರೂ ನಡಿಯತ್ತೆ.

– ನಿಮ್ಮ ಓದುಗ, ತುಮಕೂರು