ವಿಕಿಯಲ್ಲಿ ಬರೆದದ್ದು ಮಾಯವಾಗುವುದೇಕೆ?

ಮಾನ್ಯರೇ,

ಕನ್ನಡ ವಿಕಿಪೀಡಿಯದಲ್ಲಿ ಸೇರಿಸಿದ ಸಾಲು ಮಾಯವಾಯಿತೆಂದು ದೂರುವವರು ಮೊದಲು ಆ ಪುಟದ ‘ಇತಿಹಾಸ’ ತೆರೆಯಲಿ. ಯಾರು, ಯಾವಾಗ ತೆಗೆದರೆಂಬುದು ಅಲ್ಲೇ ಇರುತ್ತದೆ, ಏಕೆಂಬುದೂ ಸಾಮಾನ್ಯವಾಗಿ ಇರುತ್ತದೆ. ಹೆಚ್ಚಿನ ಸಲ ಕಾರಣ ಎರಡೇ: ಆಧಾರವಿಲ್ಲ, ಇಲ್ಲವೇ ಪತ್ರಿಕೆಯಿಂದ ಯಥಾವತ್ ನಕಲು. ಪತ್ರಿಕೆಯ ಹೆಸರು ಹಾಕಿದರೂ ನಕಲು ನಕಲೇ. ವಿಕಿಯ ಪಠ್ಯವನ್ನು ಯಾರು ಬೇಕಾದರೂ, ಮಾರಾಟಕ್ಕೂ, ಬಳಸಬಹುದು. ಹಾಗಾಗಿ ಪರರ ಹಕ್ಕುಸ್ವಾಮ್ಯದ ಬರಹ ಅಲ್ಲಿ ಸಲ್ಲದು. ಸ್ವಂತ ವಾಕ್ಯದಲ್ಲಿ ಬರೆದು, ಪುಸ್ತಕದ ಹೆಸರು, ವರ್ಷ, ಪುಟಸಂಖ್ಯೆ ಸಹಿತ ಉಲ್ಲೇಖ ಕೊಡಬೇಕು. ‘ಸುಪ್ರಸಿದ್ಧ’, ‘ಅಪ್ರತಿಮ’ಗಳನ್ನು ಸನ್ಮಾನಪತ್ರಕ್ಕೇ ಬಿಡೋಣ. ಹೊಸಬರು ಮೊದಲು ಪ್ರಯೋಗಪುಟದಲ್ಲಿ, ಅಂದರೆ ಬರೆದು ಕಲಿಯಲೆಂದೇ ಇರುವ ಪುಟದಲ್ಲಿ, ಪಳಗುವುದು ಒಳ್ಳೆಯದು. ತೆಗೆದದ್ದನ್ನು ಹಟದಿಂದ ಮತ್ತೆ ಹಾಕುವ ಬದಲು ಚರ್ಚೆಪುಟದಲ್ಲಿ ಕೇಳಿ, ಕೊನೆಗೆ ನಾಲ್ಕು ಟಿಲ್ಡ್ ಚಿಹ್ನೆ (~~~~) ಒತ್ತಿ ಉಳಿಸಿದರೆ ಸಹಿ, ಸಮಯ ತಾನಾಗಿ ಬೀಳುತ್ತವೆ.

– ಓದುಗರೊಬ್ಬರು, ಧಾರವಾಡ